ನನ್ನ ಸೊಸೆ ಕೆಲಸಕ್ಕೆ ಮರಳಿದ್ದು

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಹೆಮ್ಮೆ ಕೊಚ್ಚಿಕೊಳ್ಳೋದು ಆಮೇಲೆ ಇದ್ದೇ ಇದೆ. ಸೊಸೆಗೆ ಹೆರಿಗೆ ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆದರೂ "ಚೊಚ್ಚಲು ಅಂದ್ರೆ ಹಾಗೇನೇ, ನಾನು ಮೂರು ಹೆತ್ತಿಲ್ವಾ?" ಎಂದು ಆಸ್ಪತ್ರೆಗೆ ಹೋಗದಂತೆ ತಡೆದವಳು ನಾನೇ. ಎರಡನೇ ದಿನ ಸಂಜೆ ಕರೆದುಕೊಂಡು ಹೋಗುವಷ್ಟರಲ್ಲಿ ಮಗು ಹೋಗಿತ್ತು. ಅವಳು ಉಳಿದಳು. ಆದರೆ ಅಷ್ಟು ಹೊತ್ತು ಮಗುವಿನ ತಲೆ ಒತ್ತಿ ಒತ್ತಿ ಒಳಗೆ ಮೂತ್ರಚೀಲಕ್ಕೆ ತೂತು ಬಿದ್ದಿತ್ತು. ಅವತ್ತಿನಿಂದ ಕೂತರೂ, ನಿಂತರೂ, ಮಲಗಿದರೂ ಮೂತ್ರ ಸೋರುತ್ತಲೇ ಇತ್ತು.

ಮದುವೆಗೆ ಮುಂಚಿನಿಂದಲೂ ಅವಳು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲಿ ಅವಳ ಅಡ್ಡಹೆಸರು 'ಕಣ್ಣಳತೆ'. ಕೊರಳಲ್ಲಿ ಟೇಪು ನೇತಾಡುತ್ತಿದ್ದದ್ದು ಬರೀ ಶೋಕಿಗೆ. ಹೆರಿಗೆಯಾಗಿ ಮೂರು ತಿಂಗಳಿಗೆ ದಪ್ಪ ಬಟ್ಟೆ ಕಟ್ಟಿಕೊಂಡು ಕೆಲಸಕ್ಕೆ ಹೋದಳು. ನಾಲ್ಕೇ ದಿನ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಸ್ಟೂಲು ದೂರ ಸರಿಸಿದರು. ಮೇಸ್ತ್ರಿ ಮೆತ್ತಗೆ "ಸ್ವಲ್ಪ ದಿನ ಮನೇಲಿ ಸುಧಾರಿಸ್ಕೊಳ್ಳಮ್ಮ" ಎಂದ. ಆ ಸ್ವಲ್ಪ ದಿನ ಎರಡು ವರ್ಷವಾಯಿತು. ಹಿಂದಿನ ಕೋಣೆ ಸೇರಿದವಳು ಹೊರಗೆ ಬರಲಿಲ್ಲ. ಒದ್ದೆಯಾಗುತ್ತದೆ ಅಂತ ನೀರು ಕುಡಿಯುವುದನ್ನೇ ಬಿಟ್ಟಳು. ನನ್ನ ಮಗ ಅವಳನ್ನು ಬಿಡಲೂ ಇಲ್ಲ, ಹತ್ತಿರ ಹೋಗಲೂ ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇದ್ದ.

ಪಕ್ಕದ ಮನೆ ಕೂಸಿಗೆ ಲಸಿಕೆ ಹಾಕಲು ಬಂದ ನರ್ಸ್ ನಮ್ಮ ಹಿತ್ತಲಲ್ಲಿ ಒಣಗಲು ಹಾಕಿದ್ದ ಬಟ್ಟೆಗಳ ಸಾಲು ನೋಡಿ "ಮನೇಲಿ ಯಾರಿಗೆ ಹುಷಾರಿಲ್ಲ?" ಎಂದು ಕೇಳಿದಳು. ನಾನು ತಡವರಿಸುತ್ತ ಹೇಳಿದೆ.

"ಇದಕ್ಕೆ ಆಪರೇಷನ್ ಇದೆ ಅಮ್ಮ. ಎಷ್ಟೋ ಹೆಣ್ಣುಮಕ್ಕಳಿಗೆ ಆಗಿರುತ್ತೆ, ಯಾರೂ ಬಾಯಿ ಬಿಡಲ್ಲ ಅಷ್ಟೆ."

ಎರಡು ವರ್ಷ! ನಾಚಿಕೆಗೆ ಹೆದರಿ ನಾವೂ ಬಾಯಿ ಹೊಲಿದುಕೊಂಡು ಕೂತಿದ್ದೆವು.

ಆಪರೇಷನ್ ಆಯಿತು. ಆಸ್ಪತ್ರೆಯ ಹಿಂದೆಯೇ ಗುಣವಾಗುವವರಿಗೆಂದು ಎಂಟು ಹಾಸಿಗೆಯ ಒಂದು ಮನೆ ಇತ್ತು. ಸೊಸೆಯ ಜೊತೆ ನಾನೂ ಅಲ್ಲಿ ಉಳಿದೆ. ಅದನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು. ಹತ್ತು ವರ್ಷದ ಹಿಂದೆ ಅವಳಿಗೂ ಇದೇ ಗಾಯ, ಇದೇ ಹಾಸಿಗೆ. ನೀರಿನ ಜಗ್ಗು ಹಿಡಿದು ಓಡಾಡುತ್ತಲೇ ಇರುತ್ತಿದ್ದಳು. ನನ್ನ ಸೊಸೆ ಲೋಟ ಮುಟ್ಟದೆ ಮುಖ ತಿರುಗಿಸಿದಾಗ, "ಅಲ್ವೇ, ನಲ್ಲಿ ರಿಪೇರಿ ಮಾಡಿಸಿ ನೀರೇ ಬಿಡಲ್ಲ ಅಂದ್ರೆ ಹೇಗೆ? ಕುಡಿ!" ಎಂದಳು. ಎರಡು ವರ್ಷದಲ್ಲಿ ಮೊದಲ ಸಲ ಸೊಸೆ ನಕ್ಕಿದ್ದನ್ನು ನಾನು ನೋಡಿದೆ. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕಳು.

ಹದಿನಾಲ್ಕನೇ ದಿನ, ಮೂತ್ರ ಬಕೆಟ್ಟಿಗೆ ಇಳಿಯಲೆಂದು ಹಾಕಿದ್ದ ನಳಿಕೆ ತೆಗೆದರು. ಮಾರನೇ ದಿನ ಬೆಳಿಗ್ಗೆ ಅವಳು ಎದ್ದು ಕೂತು, ಹಾಸಿಗೆ ಸವರಿ, "ಅತ್ತೆ, ಇಲ್ಲಿ ಕೈ ಇಡಿ" ಎಂದಳು. ಇಟ್ಟೆ. ಬೆಚ್ಚಗಿತ್ತು, ಒಣಗಿತ್ತು.

ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. "ಇದೆಲ್ಲ ನನ್ನಿಂದಲೇ ಆಗಿದ್ದಮ್ಮ" ಎಂದು ಅತ್ತುಬಿಟ್ಟೆ. ಅವಳು ಹೊದಿಕೆ ಮಡಚಿ ಪಕ್ಕಕ್ಕಿಟ್ಟಳು.

"ಹೌದು," ಅಂದಳು. "ಆದ್ರೆ ಹದಿನಾಲ್ಕು ದಿನ ಬಕೆಟ್ ಚೆಲ್ಲಿದ್ದೂ ನೀವೇ."

ಎಲ್ಲವೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಕೆಮ್ಮಿದರೆ ನಾಲ್ಕು ಹನಿ ಬೀಳುತ್ತಿತ್ತು. ಅದಕ್ಕೆ ದೊಡ್ಡಕ್ಕ ವ್ಯಾಯಾಮ ಹೇಳಿಕೊಟ್ಟಳು. ಪಕ್ಕದ ಹಾಸಿಗೆಯವಳು ಮೊದಲ ಆಪರೇಷನ್ ಕೈಗೂಡದೆ ಎರಡನೆಯದಕ್ಕೆ ಕಾಯುತ್ತಿದ್ದಳು. ಡಾಕ್ಟರು ನನ್ನ ಮಗನನ್ನು ಕರೆಸಿ, ಮೂರು ತಿಂಗಳು ಬೇರೆ ಮಲಗಬೇಕು, ಭಾರ ಎತ್ತಿಸಬಾರದು, ಮುಂದೆ ಬಸುರಾದರೆ ಆಪರೇಷನ್ ಮಾಡಿಯೇ ಹೆರಿಗೆ ಎಂದು ಬಿಡಿಸಿ ಹೇಳಿದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಾವು ಮನೆಗೆ ಬಂದ ದಿನ ಯಾರೂ ಹೇಳದೆಯೇ ನೀರಿನ ಕೊಡ ಎತ್ತಿಕೊಂಡು ಹೋದ. ಬೀದಿಯವರು ಬಾಯಿ ಬಿಟ್ಟುಕೊಂಡು ನೋಡಿದರು. ನೋಡಲಿ.

ಮೂರು ತಿಂಗಳಾದ ಮೇಲೆ ಸೊಸೆ ಕಾರ್ಖಾನೆಗೆ ಹೊರಟಳು. ಭಾರ ಎತ್ತಿಸಬೇಡಿ ಎಂಬ ಡಾಕ್ಟರ ಚೀಟಿ ಅವಳ ಕೈಯಲ್ಲಿತ್ತು, ಅವಳ ಹಿಂದೆ ದೊಡ್ಡಕ್ಕ, ದೊಡ್ಡಕ್ಕನ ಹಿಂದೆ ನಾನು.

ಮೇಸ್ತ್ರಿ ಚೀಟಿ ಓದಿ ತಲೆ ಕೆರೆದುಕೊಂಡ. "ಮೂಲೆಯಲ್ಲಿ ಗುಂಡಿ ಹಚ್ಚೋ ಕೆಲಸ ಇದೆ. ಒಬ್ಬಳೇ ಆರಾಮಾಗಿ ಕೂತ್ಕೋಬಹುದು."

ದೊಡ್ಡಕ್ಕ ಬಾಯಿ ತೆರೆದಳು. ಸೊಸೆ ಅವಳ ಕೈ ಅದುಮಿ, "ನಾನೇ ಹೇಳ್ತೀನಿ" ಎಂದು ಕಟಿಂಗ್ ಮೇಜಿನ ಬಳಿ ಹೋಗಿ ನಿಂತಳು. ಯಂತ್ರಗಳು ಒಂದೊಂದಾಗಿ ನಿಂತವು.

"ನನಗೆ ಹೆರಿಗೇಲಿ ಗಾಯ ಆಗಿತ್ತು. ಅದು ಅಂಟುರೋಗ ಅಲ್ಲ, ಯಾರ ಶಾಪಾನೂ ಅಲ್ಲ. ಡಾಕ್ಟರು ಹೊಲಿದಿದ್ದಾರೆ. ನೀವೆಲ್ಲ ಹೊಲಿಯೋರೇ, ಒಳ್ಳೆ ಹೊಲಿಗೆ ಗಟ್ಟಿಯಾಗಿ ನಿಲ್ಲುತ್ತೆ ಅಂತ ನಿಮಗೆ ನಾನು ಹೇಳಿಕೊಡ್ಬೇಕಾ?"

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕೋಣೆ ನಕ್ಕಿತು. ಅವತ್ತು ಎಲ್ಲರಿಗಿಂತ ಮೊದಲು ಸ್ಟೂಲು ಸರಿಸಿದ್ದ ಕಾಲರ್ ಹೊಲಿಯುವವಳು ಎದ್ದು ಬಂದು ಮೇಜಿನ ಮೇಲೆ ಬಟ್ಟೆ ಹಾಸಿಕೊಟ್ಟಳು.

ನಲವತ್ತು ಪದರ. ಸೊಸೆ ಒಮ್ಮೆ ಕಣ್ಣಾಡಿಸಿ ಕತ್ತರಿಸುವ ಯಂತ್ರ ಓಡಿಸಿದಳು. ಮೇಸ್ತ್ರಿ ಮೇಲಿನ ತುಂಡನ್ನೂ ಕೆಳಗಿನ ತುಂಡನ್ನೂ ತೆಗೆದು ಒಂದರ ಮೇಲೊಂದಿಟ್ಟು ನೋಡಿದ. ಒಂದು ಎಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನು ಪಕ್ಕದ ಕಾವಲುಗಾರನಿಗೆ, "ನನ್ನ ಸೊಸೆ" ಎಂದೆ. "ಗೊತ್ತಾಯ್ತಮ್ಮ, ಮೂರು ಸಲ ಹೇಳಿದ್ರಿ" ಎಂದ.

ಈ ತಿಂಗಳಿಂದ ಕಟಿಂಗ್ ವಿಭಾಗಕ್ಕೆ ಅವಳೇ ಮೇಸ್ತ್ರಿಣಿ. ಹೆಂಗಸರು ಶೌಚಾಲಯಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ, ಅದರ ಬಾಗಿಲಿಗೆ ಚಿಲಕ ಹಾಕಿಸಬೇಕು ಅಂತ ಅವಳು ಮೊದಲ ದಿನವೇ ಹಟ ಹಿಡಿದಳಂತೆ. ಮಾಲೀಕ ಗೊಣಗಿದನಂತೆ. ಚಿಲಕ ಮಾತ್ರ ಅದೇ ಮಧ್ಯಾಹ್ನ ಬಂತು.