ಹೆಗಲ ಮೇಲಿನ ಟವೆಲ್

ಮರ ಕೊಯ್ಯುವ ಮಿಲ್ಲಿನ ಮೇಸ್ತ್ರಿಗೆ ತಾಳ್ಮೆ ಅನ್ನುವುದೇ ಇರಲಿಲ್ಲ. ಗರಗಸಕ್ಕೆ ಕೈ ಹಾಕುವವನು ಮೊದಲು ಸ್ವಿಚ್ಚಿನ ಮೇಲೆ ಟವೆಲ್ ನೇತುಹಾಕಬೇಕು, ಅದಿರುವ ತನಕ ಯಾರೂ ಒತ್ತಬಾರದು ಎಂದು ನಿಯಮ ಮಾಡಿದವನೂ ಅವನೇ. ಅಂದು ಅವನ ತಮ್ಮ ಹಾಗೇ ಮಾಡಿ, ಸಿಕ್ಕಿಕೊಂಡ ಚಕ್ಕೆ ಬಿಡಿಸುತ್ತಿದ್ದ. ಮೇಸ್ತ್ರಿ ಯಾರನ್ನೋ ಬೈಯುತ್ತಲೇ ಆ ಟವೆಲ್ ಎಳೆದು ಬೆವರೊರೆಸಿಕೊಂಡು ಹೆಗಲಿಗೆ ಹಾಕಿಕೊಂಡ. ಸ್ವಿಚ್ಚು ಖಾಲಿಯಿದ್ದದ್ದು ನೋಡಿ ಆಪರೇಟರ್ ಒತ್ತಿದ. ತಮ್ಮನ ನಾಲ್ಕು ಬೆರಳು ಹಾರಿದವು.

"ಟವೆಲ್ ತೆಗೆದ ಬೇವರ್ಸಿ ಯಾರೋ? ಅವನ ಕೈನ ಇದೇ ಗರಗಸಕ್ಕೆ ಕೊಡ್ತೀನಿ, ನಮ್ಮವ್ವನಾಣೆ!" ಎಂದು ಮೇಸ್ತ್ರಿ ಆಪರೇಟರನ ಬಾಯಿಗೆ ಗುದ್ದಿದ.

ಎಲ್ಲರ ಕಣ್ಣೂ ಅವನ ಹೆಗಲ ಮೇಲಿತ್ತು.

"ಬಿಡಣ್ಣ ಅವನ್ನ, ನಿನ್ ಹೆಗಲು ನೋಡ್ಕೋ," ಎಂದು ತಮ್ಮ ನರಳಿದ.

ಮೇಸ್ತ್ರಿ ನೋಡಿಕೊಂಡ. ಆಮೇಲೆ ತಾನೇ ಸ್ವಿಚ್ ಒತ್ತಿ ಗರಗಸದತ್ತ ನಡೆದ.

ಆ ಬೆಳಿಗ್ಗೆ ನಾಲ್ಕು ಬೆರಳು, ಎರಡು ಹಲ್ಲು, ಒಂದು ಕೈ ಹೋದವು.