ಪಕ್ಕದ ಮನೆಯ ಮೀನಿನ ಅಳತೆ

ವುಬ್ಬೊನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಪಕ್ಕದ ಮನೆಯ ರಿಂಕ್ ಮೀನು ತಂದ ದಿನವೇ. ಅದೂ ಎಂಥ ಮೀನು! ಜಪಾನಿನಿಂದ ವಿಮಾನದಲ್ಲಿ ಬಂದ ಕೊಯ್, ಅಂದಕ್ಕೆಂದೇ ಸಾಕುವ ಕಾರ್ಪ್ ಜಾತಿಯ ಮೀನು; ಹಾಲಿನಂಥ ಮೈ, ನೆತ್ತಿಯ ಮೇಲೊಂದು ಕೆಂಪು ಬೊಟ್ಟು. ಬೇಲಿಯಾಚೆಯ ಶೆಡ್ಡಿಗೆ ಅದನ್ನು ನೋಡಲು ಹೋದ ಹೆಂಡತಿ ಹಿಸ್ಕೆ, ಕಾಫಿ ಆರಿ ತಣ್ಣಗಾದರೂ ಬರಲಿಲ್ಲ.

"ಏನ್ ಚೆಂದ ಅಂತೀಯ!" ಎನ್ನುತ್ತಲೇ ಒಳಗೆ ಬಂದಳು.

"ನಮ್ಮ ಅಜ್ಜಿಗಿಂತಾನಾ?"

"ಅಯ್ಯೋ, ಅಜ್ಜಿ ಅಜ್ಜಿನೇ. ಇದರ ಕಳೆನೇ ಬೇರೆ ಬಿಡು."

ಆ ಮಾತು ಅವನಿಗೆ ಚುಚ್ಚಿತು. ಅಜ್ಜಿ ಎಂದರೆ ಅವನ ಕೊಳದ ಹಳೇ ಕೊಯ್. ಬೆರಳುದ್ದದ ಮರಿಯಿಂದ ಸಾಕಿದ್ದು. ಸೀಟಿ ಹೊಡೆದರೆ ದಡಕ್ಕೆ ಬಂದು ಅವನ ಅಂಗೈಯಿಂದಲೇ ತಿನ್ನುತ್ತಿದ್ದಳು. ಫ್ರೀಸ್‌ಲ್ಯಾಂಡಿನ ಆ ಕಾಲುವೆ ಬದಿಯ ಊರಿನಲ್ಲಿ ಬೇಸಿಗೆಯ ಕೊನೆಗೆ ಕೊಯ್ ಸಾಕುವವರ ಕೂಟ ಪ್ರದರ್ಶನ ನಡೆಸುತ್ತದೆ. ಅತಿ ದೊಡ್ಡ ಮೀನಿನ ಬಹುಮಾನ ವರ್ಷ ವರ್ಷವೂ ಅಜ್ಜಿಗೇ. ಈ ಸಲ?

ಜೂನ್‌ನಲ್ಲಿ ರಿಂಕ್ ರಜೆಗೆ ಹೊರಟ. ಆ ಬೀದಿಯ ವಾಡಿಕೆಯಂತೆ ಮನೆಯ ಕೀಲಿ ಪಕ್ಕದ ಮನೆಗೇ ಬಂತು.

"ಕಾಳು ಹಾಕಿದ್ರೆ ಸಾಕು ಕಣೋ. ತೊಟ್ಟಿಗೆ ಕೈ ಹಾಕ್ಬೇಡ, ಬಲೆ ಅಂತೂ ಬೇಡವೇ ಬೇಡ. ಹೊರಗಿಂದ ಬಂದ ಮೀನು, ರೋಗಗೀಗ ಇದ್ಯೋ ಏನೋ ಅಂತ ಇನ್ನೂ ಬೇರೆನೇ ಇಟ್ಟಿದೀನಿ."

"ನಂಗೇ ಪಾಠ ಹೇಳ್ತೀಯೇನೋ?" ಎಂದು ವುಬ್ಬೊ ನಕ್ಕ.

ಅವನಿಗೆ ಗೊತ್ತಿಲ್ಲದ ಸಂಗತಿಯೇ? ಕೂಟಕ್ಕೆ ಸೇರುವ ಹೊಸಬರಿಗೆ ಅದನ್ನೇ ಹೇಳಿಕೊಡುವವನು ಅವನು. ಆದರೆ ಆ ಮೀನು ಎಷ್ಟುದ್ದ ಎಂದು ತಿಳಿಯದೆ ನಿದ್ದೆ ಹತ್ತಬೇಕಲ್ಲ! ಒಂದು ಮಧ್ಯಾಹ್ನ ತನ್ನ ಬಲೆ, ತಳದಲ್ಲಿ ಅಳತೆ ಗೆರೆಗಳಿದ್ದ ತನ್ನ ನೀಲಿ ಬೋಗುಣಿ ಹಿಡಿದು ಶೆಡ್ಡಿಗೆ ನುಗ್ಗಿದ. ಮೀನನ್ನು ಎತ್ತಿ ಬೋಗುಣಿಗೆ ಬಿಟ್ಟು ನೋಡಿದ. ಹಾಳಾದ್ದು, ಅಜ್ಜಿಗಿಂತ ಎರಡು ಬೆರಳು ಉದ್ದ! ನಂಬಿಕೆಯೇ ಬರಲಿಲ್ಲ. ಬೋಗುಣಿಯನ್ನು ಮದ್ದಿನ ನೀರಲ್ಲಿ ತೊಳೆಯಬೇಕು, ಬಿಸಿಲಿಗೆ ಒಣಗಿಸಬೇಕು ಎಂಬುದೆಲ್ಲ ಹೊಟ್ಟೆಯುರಿಯಲ್ಲಿ ಮರೆತುಹೋಯಿತು. ಬೋಗುಣಿಯ ನೀರನ್ನು ಹಿತ್ತಲಿನ ಕಾಲುವೆಗೆ ಸುರಿದು, ಆ ಒದ್ದೆ ಬೋಗುಣಿಯಲ್ಲೇ ಅಜ್ಜಿಯನ್ನೂ ಅಳೆದ. ಎರಡು ಬೆರಳೇ ಕಮ್ಮಿ.

ರಿಂಕ್ ಮರಳುವ ಹೊತ್ತಿಗೆ ಅಜ್ಜಿ ಸೀಟಿಗೆ ಬರುವುದನ್ನು ಬಿಟ್ಟಿದ್ದಳು. ಅವಳ ಕಣ್ಣು ಗುಳಿಬಿತ್ತು, ಕಿವಿರು ಬಿಳಿಚಿ ಕೊಳೆಯಿತು. ಒಂದು ಬೆಳಿಗ್ಗೆ ಮಗ್ಗುಲಾಗಿ ತೇಲಿದಳು. ಕೊಳದ ಉಳಿದ ಮೀನುಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ಕಾಲುವೆಯಲ್ಲಿ ಕಾಡು ಕಾರ್ಪ್ ಮೀನುಗಳು ಹೊಟ್ಟೆ ಮೇಲಾಗಿ ತೇಲಿ, ಗಾಳ ಹಾಕುವ ಮುದುಕರು ಮೂಗು ಮುಚ್ಚಿಕೊಂಡು ಬೈದರು. ಜಪಾನಿನ ಆ ಮೀನು ಮಾತ್ರ ತನ್ನ ತೊಟ್ಟಿಯಲ್ಲಿ ಹಾಯಾಗಿ ಈಜುತ್ತಿತ್ತು. ವುಬ್ಬೊ ಅತ್ತ. ಅತ್ತದ್ದಕ್ಕಿಂತ ಹೆಚ್ಚು ಉರಿದುಕೊಂಡ.

ಪರೀಕ್ಷೆಯ ಫಲ ಹಿಡಿದು ಮೀನಿನ ಡಾಕ್ಟರಮ್ಮ ಬಂದಳು. "ಕಾರ್ಪ್ ಜಾತಿಗೆ ಬರೋ ಹರ್ಪಿಸ್ ವೈರಸ್ ಇದು. ಕೊಳ ಪೂರ್ತಿ ಖಾಲಿ ಮಾಡ್ಬೇಕು. ಹೊಸ ಮೀನೇನಾದ್ರೂ ತಂದ್ರಾ?"

"ಇಲ್ಲ," ಎಂದ ವುಬ್ಬೊ. ಅಳೆದದ್ದು ಹೇಳಿದರೆ ಮರ್ಯಾದೆ ಹೋಗುತ್ತದಲ್ಲ!

ಬೇಲಿಯ ಬಳಿ ನಿಂತಿದ್ದ ರಿಂಕ್ ಹೇಳಿದ: "ನಾನು ತಂದಿದೀನಿ ಡಾಕ್ಟರಮ್ಮ. ಆದ್ರೆ ಅದು ಶೆಡ್ ಬಿಟ್ಟು ಹೊರಗೆ ಬಂದೇ ಇಲ್ಲ. ಗಟ್ಟಿಮುಟ್ಟಾಗಿದೆ."

"ರೋಗ ಒಳಗಿಟ್ಕೊಂಡು ಗಟ್ಟಿಮುಟ್ಟಾಗಿ ಕಾಣೋ ಮೀನೂ ಇರ್ತವೆ. ಈ ಕೊಳಕ್ಕೂ ಅದಕ್ಕೂ ಸಂಪರ್ಕ ಇದ್ದಿದ್ರೆ ಪರೀಕ್ಷೆ ಮಾಡ್ತಿದ್ದೆ. ಸೋಂಕು ಕಂಡ್ರೆ ಅದನ್ನೂ ಕೊಲ್ಬೇಕಾಗ್ತಿತ್ತು. ಇಲ್ವಲ್ಲ, ಬಿಡಿ."

ವುಬ್ಬೊ ತಟ್ಟನೆ ತಲೆ ಎತ್ತಿದ. "ಅದನ್ನೂನಾ?"

"ಹೂಂ, ಅದನ್ನೂ."

"ನಾನೇ! ನಾನೇ ಅದನ್ನ ಎತ್ತಿ ಅಳೆದೆ. ಅದೇ ಒದ್ದೆ ಬೋಗುಣೀಲಿ ಅಜ್ಜಿನೂ ಅಳೆದೆ. ನೀರು ಕಾಲುವೆಗೆ ಚೆಲ್ಲಿದೆ. ಪರೀಕ್ಷೆ ಮಾಡಿ ಡಾಕ್ಟರಮ್ಮ, ಈಗಲೇ ಮಾಡಿ!"

ರಿಂಕ್ ಬಿಳಿಚಿಕೊಂಡ. ಆಮೇಲೆ ಬೇಲಿಯ ಮೇಲಿಂದ ಕೈ ಚಾಚಿ ವುಬ್ಬೊನ ಕೈ ಹಿಡಿದುಕೊಂಡ. "ಬಾಯಿಗೆ ಬಂದಂಗೆ ಬೈಬೇಕು ಅನ್ಸುತ್ತೆ ಮಾರಾಯ. ಆದ್ರೆ ಎಷ್ಟು ಜನ ಹೀಗೆ ಒಪ್ಕೋತಾರೆ ಹೇಳು? ದೊಡ್ಡ ಮನಸ್ಸು ನಿಂದು."

ಕೊಳದ ದಡದಲ್ಲಿ ನಿಂತಿದ್ದ ಹಿಸ್ಕೆ ಗಂಡನ ಮುಖವನ್ನೇ ನೋಡುತ್ತಿದ್ದಳು. ಅಜ್ಜಿ ಸತ್ತ ದಿನದಿಂದ ಕಾಣದಿದ್ದ ಗೆಲುವು ಆ ಮುಖದಲ್ಲಿ ಈಗ ಕಾಣುತ್ತಿತ್ತು.

"ಅವನ ಕೈ ಬಿಡು ರಿಂಕ್," ಎಂದಳು.