ಕಂಬ ಬಡಿದ ಸಂಜೆ

ತಂಬೋರಾ ಎಂಬ ಕಿಕ್ಕಿರಿದ ಪೇಟೆಯ ನಮ್ಮ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅಷ್ಟೇ ಅಗಲ. ಇಲ್ಲಿ ಮಳೆಗಾಲ ಮುಗಿಯುವುದೇ ಜೂನ್‌ಗೆ, ಆಮೇಲೆ ಅಕ್ಟೋಬರ್‌ವರೆಗೆ ಗಾಳಿ ಅಲ್ಲಾಡುವುದಿಲ್ಲ. ಯಾರ ಮನೆಯ ಹೊಗೆ ಎದ್ದರೂ ಇಲ್ಲೇ ಬಿದ್ದುಕೊಂಡಿರುತ್ತದೆ. ಆ ನಾಲ್ಕು ತಿಂಗಳು ನನ್ನ ಏಳು ವರ್ಷದ ಮಗಳು ಐನಿಗೆ ಉಸಿರಾಡುವುದೇ ಮೂಟೆ ಹೊತ್ತಷ್ಟು ಕಷ್ಟ.

ನನ್ನ ಕಿಟಕಿಯ ಕೆಳಗೇ ಸನೂಸಿಯ ಬ್ಯಾಗ್ ಹೊಲಿಯುವ ಅಂಗಡಿ. ದಿನಾ ಸಂಜೆ ಉಳಿದ ರೆಕ್ಸಿನ್ ಚೂರುಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಿದ್ದ. ಕಪ್ಪು ಹೊಗೆ ನೆಟ್ಟಗೆ ನನ್ನ ಮನೆಯೊಳಕ್ಕೆ. ಗೋಗರೆದೆ, ಬೈದೆ, ಓಣಿಯ ಮುಖ್ಯಸ್ಥ ಹಾಜಿ ಮಾಹ್ಫುದ್ ಹತ್ತಿರ ಮೂರು ಸಲ ಹೋದೆ. ಮಳೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಆತ ಚಹಾ ಹೀರುತ್ತ ಹೇಳಿದ. ಅವನ ತಲೆ! ಮಳೆ ಬರುವ ತನಕ ಮಗು ಉಸಿರು ಬಿಗಿಹಿಡಿದು ಕೂರಬೇಕೇನು?

ಆ ದಿನ ಸಂಜೆ ಐನಿಯ ತುಟಿ ನೀಲಿಗಟ್ಟಿತು. ಉಬ್ಬಸಕ್ಕೆಂದು ಬಾಯಿಗೆ ಹೊಡೆಯುವ ಪಂಪು ಖಾಲಿ. ಆಸ್ಪತ್ರೆಗೆ ಒಯ್ಯಬೇಕು, ಆದರೆ ಮೆಟ್ಟಿಲ ಬುಡದಲ್ಲೇ ಸನೂಸಿಯ ಬೆಂಕಿ. ಮಗಳನ್ನು ಮೇಲೆ ಮಲಗಿಸಿ, ಬಕೆಟ್ ನೀರು ಹಿಡಿದು ಇಳಿದೆ, ಸುರಿದೆ. ಬೂದಿ ಅವನ ಮುಖಕ್ಕೇ ಸಿಡಿಯಿತು.

"ತಲೆ ಕೆಟ್ಟಿದೆಯೇನೇ ನಿಂಗೆ?" ಎಂದು ಕೆನ್ನೆಗೆ ಬಾರಿಸಿದ. ನಾನೂ ಬಿಡಲಿಲ್ಲ, ಬಕೆಟ್ಟನ್ನೇ ಅವನ ಕಿವಿಗೆ ಬೀಸಿದೆ. ಜುಟ್ಟು ಹಿಡಿದು ನನ್ನನ್ನು ಗೋಡೆಗೆ ಗುದ್ದಿದ. ಬಾಯಿ ತುಂಬ ರಕ್ತ. ಕೈಗೆ ಸಿಕ್ಕ ಕಲ್ಲು ಎತ್ತಿಕೊಂಡು ಲೈಟು ಕಂಬ ಬಡಿದೆ.

ಓಣಿಯವರನ್ನು ಕರೆಯಲು ಕಂಬ ಬಡಿಯುವ ಲೆಕ್ಕ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಮೂರು ಮೂರಾಗಿ ಬಿಟ್ಟು ಬಿಟ್ಟು ಬಡಿದರೆ ಬೆಂಕಿ. ಬಿಡದೆ ಬಡಿದರೆ ಕಳ್ಳ. ನಾನು ಬಿಡದೆ ಬಡಿದೆ.

ಆಗಷ್ಟೇ ಸಂಜೆಯ ನಮಾಜು ಮುಗಿಸಿ ಹೊರಬಂದಿದ್ದ ಗಂಡಸರು ಲುಂಗಿ ಎತ್ತಿ ಕಟ್ಟಿ, ಸಿಕ್ಕಿದ್ದು ಹಿಡಿದು, ಎರಡೂ ಕಡೆಯಿಂದ ನುಗ್ಗಿದರು. ಬಡಿತಕ್ಕೆ ಬೆದರಿದ ಸನೂಸಿ, ಹೊಗೆ ತಾಳಲಾರದೆ ಬೂದಿ ಮೆತ್ತಿದ ಮುಖಕ್ಕೆ ಅಂಗಿ ಸುತ್ತಿಕೊಂಡು ಓಡುತ್ತಿದ್ದ. ಆ ಹೊಗೆಯಲ್ಲಿ ಅವನು ಯಾರೆಂದು ಯಾರಿಗೆ ಗೊತ್ತಾಗಬೇಕು? ಮೊಣಕಾಲಿಗೆ ದೊಣ್ಣೆ ಬಿತ್ತು. ಬಿದ್ದವನ ಪಕ್ಕೆಗೆ ಒದೆ, ಬಾಯಿಗೆ ಇಟ್ಟಿಗೆ. ಹಲ್ಲು ಉದುರಿದವು. ಅವನು ಹಂದಿಯ ಹಾಗೆ ಅರಚಿದ. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು. ಮತ್ತೆ ಹತ್ತು ಸಲ ಬಡಿದೆ.

ಆಮೇಲೆ ಐನಿ ನೆನಪಾದಳು. ಮೇಲೋಡಿ, ಅವಳನ್ನು ಹೆಗಲಿಗೆ ಹಾಕಿಕೊಂಡು ಇಳಿದರೆ ದಾರಿಯೇ ಇಲ್ಲ. ಎತ್ತ ನೋಡಿದರೂ ಬೆನ್ನುಗಳು. ಕಿರುಚಿದೆ, ಬೆನ್ನಿಗೆ ಗುದ್ದಿದೆ, ಒಬ್ಬನ ತೋಳು ರಕ್ತ ಬರುವಂತೆ ಕಚ್ಚಿದೆ. ಹೊಡೆಯುವ ಅಮಲಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನನ್ನ ಹೆಗಲ ಮೇಲೆ ಮಗಳ ಎದೆ ಏಳುವುದು ನಿಂತಿತು.

ಕೇಳಿಸಿದ್ದು ಸನೂಸಿಗೆ. ಅಷ್ಟೊಂದು ಕಾಲುಗಳ ನಡುವಿನಿಂದ ಕೂಗಿದ.

"ನಾನು ಸನೂಸಿ ಕಣ್ರೋ. ನನ್ನ ಆಮೇಲೆ ಹೊಡೀರಿ. ಮಗೂಗೆ ಉಸಿರಿಲ್ಲ, ದಾರಿ ಬಿಡಿ."

ಎತ್ತಿದ ಕೈಗಳು ನಿಂತವು. ಜನ ಗೋಡೆಗೆ ಒತ್ತಿಕೊಂಡರು. ಅವನು ಮಾತ್ರ ಏಳಲಾರದೆ ಓಣಿಯಗಲಕ್ಕೂ ಬಿದ್ದಿದ್ದ. ಅವನ ಎದೆಯ ಮೇಲೆ ಕಾಲಿಟ್ಟೇ ದಾಟಿದೆ. ಕಾಲಡಿ ಏನೋ ಲಟಕ್ಕೆಂದಿತು. ನಾನು ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ ಮೇಲೆ ಐನಿ ಕಣ್ಣು ಬಿಟ್ಟಳು. ಸನೂಸಿಯನ್ನು ತಂದಾಗ ತಡವಾಗಿತ್ತು. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತ್ತಂತೆ. ಮರುದಿನ ಮಧ್ಯಾಹ್ನ ಹೋದ.

ಮೂರನೆಯ ದಿನ ಪೊಲೀಸರು ಬಂದರು. ಹಾಜಿ ಮಾಹ್ಫುದ್ ಅವರೆದುರು ನನ್ನನ್ನು ಕೇಳಿದ, "ಬೆಂಕಿ ಅಂತ ಬಡಿಯೋಕೆ ಹೋಗಿ, ಗಾಬರೀಲಿ ಕೈ ತಪ್ಪಿ ಹಾಗೆ ಬಡಿದೆ, ಅಲ್ವೇನಮ್ಮ?"

ಹೊಡೆದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ನಮ್ಮ ಹೊಸಿಲ ಮೇಲೆ ಸನೂಸಿಯ ಹೆಂಡತಿ ಐನಿಯನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಇವಳನ್ನಾದರೂ ಉಳಿಸಿ ಹೋದರಲ್ಲ ಎನ್ನುತ್ತ ತಲೆ ಸವರುತ್ತಿದ್ದಳು. ಮಗು ಆರಾಮಾಗಿ ಉಸಿರಾಡುತ್ತಿತ್ತು.

"ಹೌದು," ಎಂದೆ, "ಕೈ ತಪ್ತು."